ಜ್ಯೋತ್ಸ್ನಾಬಾಯಿಯ ದನಿಯನ್ನು ಎರಡು ಮನೆ ಕೆಳಗಿಳಿಸಿದ್ದು

ಮರಾಠಿ ನಾಟಕದ ಗಾಯಕಿ-ನಟಿ ಜ್ಯೋತ್ಸ್ನಾ ಭೋಳೆಯವರದ್ದು ಕೀರಲು ದನಿ ಎಂದು ನಮ್ಮ ನೆಂಟರಿಷ್ಟರಲ್ಲಿ ಸುಮಾರು ನಲವತ್ತು ವರ್ಷ ಹೇಳಿಕೊಂಡು ಬಂದರು. ಹೇಳಿದವರು ಸಂಗೀತ ತಿಳಿಯದವರಲ್ಲ. ನಮ್ಮ ಬಾವ ಪೆಟ್ಟಿಗೆ (ಹಾರ್ಮೋನಿಯಂ) ನುಡಿಸುವವನು, ಶಿರಸಿ ಸೀಮೆಯ ಎಷ್ಟೋ ಬೈಠಕ್ಕುಗಳಿಗೆ ಅವನದೇ ಸಾಥಿ. ಅವನೂ ಅದನ್ನೇ ಹೇಳುತ್ತಿದ್ದ. ಅವರೆಲ್ಲ ಕೇಳಿದ್ದು ಕಾರವಾರದ ಅತ್ತೆಯ ಮನೆಯ ಒಂದು ಕ್ಯಾಸೆಟ್ಟನ್ನು. ಆ ಕ್ಯಾಸೆಟ್ಟಿನಲ್ಲಿರುವುದು ಅವರ ದನಿಯಲ್ಲ, ಓಡಿ ಓಡಿ ಸವೆದ ಗ್ರಾಮಫೋನಿನ ದನಿ ಎಂದು ನಾನು ಮೂರು ವರ್ಷ ವಾದ ಮಾಡಿದೆ. ಕಳೆದ ದೀಪಾವಳಿಯ ರಾತ್ರಿ ಅದು ಎಲ್ಲರ ಕಿವಿಗೂ ಬಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಗ್ರಾಮಫೋನಿನ ಹಳೆ ಅರಗಿನ ತಟ್ಟೆಗಳನ್ನು (ರೆಕಾರ್ಡುಗಳನ್ನು) ಇಟ್ಟುಕೊಂಡು ಒದ್ದಾಡುತ್ತಿರುವವರಿಗೆ ಇದರಲ್ಲಿ ಒಂದೆರಡು ಸಂಗತಿಗಳಾದರೂ ಕೆಲಸಕ್ಕೆ ಬರಬಹುದು.

ನನ್ನದು ಶಿರಸಿಯಲ್ಲಿ ಮೈಕ್ ಸೆಟ್ ಬಾಡಿಗೆ ಮತ್ತು ಆಂಪ್ಲಿಫಯರ್ ರಿಪೇರಿ ಅಂಗಡಿ. ಯಕ್ಷಗಾನದ ಆಟ, ಮದುವೆ, ಜಾತ್ರೆ, ಎಲ್ಲದಕ್ಕೂ ಹೋಗುತ್ತೇನೆ. ದನಿಯ ಕೆಲಸ ಮಾಡಿ ಮೂವತ್ತು ವರ್ಷ ಆಯಿತು, ತಟ್ಟೆಯ ಕೆಲಸ ಮಾತ್ರ ಗೊತ್ತಿರಲಿಲ್ಲ.

ಅತ್ತೆ ಮದುವೆಯಾಗಿ ಮೊದಲು ಮುಂಬಯಿಯಲ್ಲಿದ್ದಳು. ಮಾವನ ನೌಕರಿ ಅಲ್ಲಿತ್ತು. 1950ರ ದಶಕದ ಕೊನೆಗೆ ಕಾರವಾರಕ್ಕೆ ಬಂದು ಕೋಡಿಬಾಗದಲ್ಲಿ ಮನೆ ಮಾಡಿದರು. ಬರುವಾಗ ಒಂದು ಕೀ ಕೊಡುವ ಗ್ರಾಮಫೋನು, ಇಪ್ಪತ್ತೆರಡೋ ಇಪ್ಪತ್ಮೂರೋ ತಟ್ಟೆ ತಂದಿದ್ದರು. ಹೆಚ್ಚಿನವು ಮರಾಠಿ ನಾಟ್ಯಗೀತೆ. ಕಾರವಾರದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. 1956ರ ನವೆಂಬರ್ 1ರವರೆಗೂ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು, ಕಚೇರಿ, ಶಾಲೆ, ನಾಟಕ ಎಲ್ಲದರಲ್ಲೂ ಮರಾಠಿ ಓಡಾಡಿಕೊಂಡಿತ್ತು. ಜ್ಯೋತ್ಸ್ನಾಬಾಯಿಯಂತೂ ದೂರದವರೇ ಅಲ್ಲ. ಕಾಳಿ ದಾಟಿ ಗೋವಾಕ್ಕೆ ಹೋದರೆ ಫೋಂಡಾದ ಹತ್ತಿರ ಬಾಂದಿವಡೆ, ಅವರು 1914ರಲ್ಲಿ ಹುಟ್ಟಿದ್ದು ಅಲ್ಲಿ. ಹುಟ್ಟಿದಾಗಿನ ಹೆಸರು ದುರ್ಗಾ ಕೇಳೇಕರ್.

ಮಾವ 1984ರ ಸುಮಾರಿಗೆ ಗ್ರಾಮಫೋನಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಆ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿದ. ಆ ಕ್ಯಾಸೆಟ್ಟು ಊರೂರು ತಿರುಗಿತು. ನನ್ನ ತಂಗಿ 2018ರಲ್ಲಿ ಅದನ್ನೇ ಒಂದು ಸ್ಟುಡಿಯೋಕ್ಕೆ ಕೊಟ್ಟು ಕಂಪ್ಯೂಟರಿಗೆ ಇಳಿಸಿದಳು. ಐದೂವರೆ ಸಾವಿರ ತೆಗೆದುಕೊಂಡರು. ಗದ್ದಲ ತೆಗೆಯುತ್ತೇವೆ ಎಂದು ದನಿಯ ಅಂಚನ್ನೆಲ್ಲ ಕೆರೆದು ಹಾಕಿದ್ದರು, ನೀರಿನೊಳಗೆ ಮುಳುಗಿ ಹಾಡಿದ ಹಾಗೆ ಕೇಳುತ್ತಿತ್ತು. ಶ್ರುತಿಯನ್ನು ಯಾರೂ ನೋಡಿರಲಿಲ್ಲ. ಆ ಫೈಲು ಈಗಲೂ ನೆಂಟರ ಮೊಬೈಲಿನಲ್ಲಿದೆ.

2019ರಲ್ಲಿ ಕಾರವಾರದ ಮನೆ ಮಾರಿದರು, ಅತ್ತೆ ನಮ್ಮ ಮನೆಗೆ ಬಂದಳು, ಜೊತೆಗೆ ತಟ್ಟೆಗಳ ಟ್ರಂಕು. ಹಳೆ ಸಾಮಾನು ಕೊಳ್ಳುವವನೊಬ್ಬ ಗ್ರಾಮಫೋನಿಗೆ ನಾಲ್ಕು ಸಾವಿರ, ತಟ್ಟೆ ಒಂದಕ್ಕೆ 150 ಕೊಡುತ್ತೇನೆ ಎಂದು ಬಂದಿದ್ದ. ಮನೆಯಲ್ಲಿ ಎಲ್ಲರೂ ಕೊಡು ಎಂದರು. ಟ್ರಂಕು ತೆರೆದರೆ ಬೂಷ್ಟಿನ ವಾಸನೆ. ಅರವತ್ತು ಮಳೆಗಾಲ ಕಡಲ ದಂಡೆಯಲ್ಲಿ ಕಳೆದ ತಟ್ಟೆಗಳು. ಎರಡು ಒಡೆದಿದ್ದವು, ಮೂರು ಹಪ್ಪಳದ ಹಾಗೆ ಡೊಂಕು, ಉಳಿದವುಗಳ ಮೇಲೆ ಬಿಳಿ ಬೂಷ್ಟಿನ ಚುಕ್ಕೆ. ನಾನು ಕೊಡಲಿಲ್ಲ.

ಮರು ವರ್ಷ ಕೊರೋನಾ. ಆಟ ಇಲ್ಲ, ಮದುವೆ ಇಲ್ಲ, ಅಂಗಡಿಯ ಬಾಗಿಲು ಅರ್ಧ ತೆರೆದು ಕೂತಿರುತ್ತಿದ್ದೆ. ಆಗ ಶುರು ಮಾಡಿದ್ದು.

ಮೊದಲ ತಟ್ಟೆಯನ್ನು ನಾನೇ ಕೈಯಾರೆ ಕೊಂದೆ. ಕ್ಯಾಸೆಟ್ ಹೆಡ್ಡು ಒರೆಸಿ ಒರೆಸಿ ಅಭ್ಯಾಸ, ಹತ್ತಿಗೆ ಸ್ಪಿರಿಟ್ ಹಾಕಿ ತಟ್ಟೆ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಎಷ್ಟು ಬರುತ್ತಿದೆ ನೋಡು ಎಂದು ಖುಷಿಯಿಂದ ಇನ್ನೂ ಉಜ್ಜಿದೆ. ಕೊಳೆಯಲ್ಲ ಅದು, ತಟ್ಟೆಯೇ ಕರಗಿ ಬರುತ್ತಿತ್ತು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಡಗಿಗಳು ಪಾಲಿಶ್ ಮಾಡುವುದೇ ಹಾಗೆ ಎಂಬುದು ಗೊತ್ತಿದ್ದೂ ತಲೆಗೆ ಹೊಳೆಯಲಿಲ್ಲ. ಆ ತಟ್ಟೆ ಮರಾಠಿ ರಂಗದ ದೊಡ್ಡ ನಟ-ಗಾಯಕ ಬಾಲಗಂಧರ್ವರದ್ದು. ಈಗಲೂ ಗೋಡೆಗೆ ತೂಗುಹಾಕಿದ್ದೇನೆ, ಮತ್ತೊಂದು ಸಲ ಸ್ಪಿರಿಟ್ ಬಾಟಲಿಗೆ ಕೈ ಹೋಗದಿರಲಿ ಎಂದು.

ಆಮೇಲೆ ಅಂಟವಾಳ. ಅಮ್ಮ ರೇಷ್ಮೆ ಸೀರೆ ತೊಳೆಯುವುದು ಅದರಲ್ಲೇ, ತಟ್ಟೆಗೂ ಆದೀತು ಎಂದುಕೊಂಡೆ. ಬೂಷ್ಟು ಚೆನ್ನಾಗಿಯೇ ಹೋಯಿತು, ಆದರೆ ಗೆರೆಯಲ್ಲಿ ಅಂಟು ಉಳಿದು ಮುಳ್ಳಿಗೆ ಸುತ್ತಿಕೊಳ್ಳುತ್ತಿತ್ತು. ಅಂಟವಾಳ ಎರಡೇ ತಟ್ಟೆಗೆ ನಿಂತಿತು. ಈಗ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡು ನಾಲ್ಕು ಹನಿ, ಮಕ್ಕಳ ಮೆತ್ತನೆ ಬ್ರಶ್ಶು. ಗೆರೆಯ ದಾರಿಯಲ್ಲೇ ಉಜ್ಜುವುದು, ಅಡ್ಡ ಉಜ್ಜಬಾರದು. ಮತ್ತೆ ಬರೇ ಬ್ಯಾಟರಿ ನೀರಿನಲ್ಲಿ ಎರಡು ಸಲ. ಐದು ಲೀಟರಿನ ಕ್ಯಾನಿಗೆ ನೂರು ನೂರಿಪ್ಪತ್ತು ರೂಪಾಯಿ, ಒಂದು ಕ್ಯಾನಿನಲ್ಲಿ ಎಂಟು ಹತ್ತು ತಟ್ಟೆ ಆಗುತ್ತದೆ. ಮಧ್ಯದ ಕಾಗದಕ್ಕೆ ನೀರು ತಾಗದ ಹಾಗೆ ಎರಡೂ ಬದಿಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಒತ್ತಿ ಹಿಡಿಯುತ್ತೇನೆ. ತೊಳೆದ ತಟ್ಟೆಯನ್ನು ಹೇಗೆ ಒಣಗಿಸುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಮಳೆಗಾಲ ಹಿಡಿದಿದೆ.

ಡೊಂಕು ತಟ್ಟೆಗಳನ್ನು ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಿಡಿಯುವುದು ಎಲ್ಲರಿಗೂ ಗೊತ್ತು. ಏಪ್ರಿಲ್ ಬಿಸಿಲಿಗೆ ಹನ್ನೆರಡು ಗಂಟೆಗೆ ಇಟ್ಟೆ, ಹತ್ತೇ ನಿಮಿಷ. ಒಂದು ಸರಿಯಾಯಿತು. ಒಂದು ಮೆತ್ತಗಾಗಿ ಗೆರೆಯೇ ಚಪ್ಪಟೆಯಾಯಿತು. ಮೂರನೆಯದಕ್ಕೆ ಡಿಸೆಂಬರಿನ ಬೆಳಗಿನ ಬಿಸಿಲು ನೋಡಿಕೊಂಡೆ, ನಾಲ್ಕು ದಿನ, ದಿನಕ್ಕೆ ಸ್ವಲ್ಪ ಸ್ವಲ್ಪ. ಅದು ಗೆದ್ದಿತು.

ಮುಳ್ಳಿನ ವಿಷಯಕ್ಕೆ ಬರುತ್ತೇನೆ. ಆಮೇಲೆ ಬಂದ ಎಲ್‌ಪಿ ತಟ್ಟೆಯ ಮುಳ್ಳಿನಿಂದ 78ರ ತಟ್ಟೆ, ಅಂದರೆ ನಿಮಿಷಕ್ಕೆ 78 ಸುತ್ತು ಓಡುವ ಹಳೆ ಅರಗಿನ ತಟ್ಟೆ, ನುಡಿಸುವವರು ಈಗಲೂ ಇದ್ದಾರೆ. ನಾನೂ ಆರು ತಿಂಗಳು ಹಾಗೇ ಮಾಡಿದೆ. ಎಲ್‌ಪಿಯ ಗೆರೆ ಸಪೂರ, 78ರದ್ದು ಅದರ ಮೂರು ಪಟ್ಟು ಅಗಲ. ಸಣ್ಣ ಮುಳ್ಳು ಗೆರೆಯ ತಳಕ್ಕೆ ಹೋಗಿ ಅಲ್ಲಿದ್ದ ಧೂಳನ್ನೇ ಹಾಡಿಸುತ್ತದೆ. 3 ಮಿಲ್ಲಿನ (ಇಂಚಿನ ಸಾವಿರದ ಮೂರು ಪಾಲಿನ) ಮುಳ್ಳು ತರಿಸಿದ ದಿನ ಗೊರಗೊರ ಅರ್ಧಕ್ಕರ್ಧ ಇಳಿಯಿತು. ಕಾರ್ಟ್ರಿಜ್ಜು, ಮುಳ್ಳು, ಕಸ್ಟಮ್ಸು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ಲಿಗೆ ಹನ್ನೊಂದು, ಸೌಂಡ್ ಕಾರ್ಡಿಗೆ ಎಂಟು. ಕೆಟ್ಟದ್ದು, ಬೇಡವಾದದ್ದು, ಎರಡೆರಡು ಸಲ ತರಿಸಿದ್ದು ಎಲ್ಲ ಸೇರಿಸಿದರೆ ನಲವತ್ತು ಸಾವಿರ ದಾಟಿದೆ. ಆ ವರ್ಷ ಅಂಗಡಿಯಿಂದ ಬಂದದ್ದು ಅದಕ್ಕಿಂತ ಬಹಳ ಹೆಚ್ಚೇನಲ್ಲ. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದನ್ನು ಇಲ್ಲಿ ಬರೆಯಲೇಬೇಕು.

ತಟ್ಟೆಯ ದನಿ ಒಂದೇ, ಕಾರ್ಟ್ರಿಜ್ಜಿಗೆ ಮಾತ್ರ ಎಡ ಬಲ ಎರಡು. ಎರಡನ್ನೂ ಬೇರೆ ಬೇರೆ ಇಳಿಸಿಕೊಳ್ಳಿ. ಹಳೆ ಗ್ರಾಮಫೋನಿನ ಭಾರದ ಮುಳ್ಳು ಗೆರೆಯ ಒಂದು ಗೋಡೆಯನ್ನು ಹೆಚ್ಚು ತಿಂದಿರುತ್ತದೆ. ಯಾವ ಗೋಡೆ ಕಡಿಮೆ ಸವೆದಿದೆಯೋ ಅದರ ಪಾಲು ಹೆಚ್ಚು ಮಾಡಿ ಕೂಡಿಸಿದರೆ ದನಿ ಎದ್ದು ನಿಲ್ಲುತ್ತದೆ. ದನಿಯ ತಗ್ಗುಹೆಚ್ಚನ್ನು ತಾನೇ ಸರಿಮಾಡುವ ಆರ್‌ಐಎಎ ಪ್ರಿಆಂಪ್ ಬೇಡ, ಅದು 1954ರಲ್ಲಿ ಬಂದ ಲೆಕ್ಕ, ಅದಕ್ಕೂ ಹಿಂದಿನ ತಟ್ಟೆಗೆ ಹೊಂದುವುದಿಲ್ಲ. ಸಪಾಟು ಇಳಿಸಿಕೊಂಡು ಆಮೇಲೆ ಕಿವಿಯಿಂದಲೇ ತಗ್ಗುಹೆಚ್ಚು ಮಾಡಿದೆ. ಗದ್ದಲ ತೆಗೆಯುವ ಸಾಫ್ಟ್‌ವೇರನ್ನು ಮುಟ್ಟಲಿಲ್ಲ. ದೊಡ್ಡ ಟಿಕ್ ಟಿಕ್ಕುಗಳನ್ನು ಒಂದೊಂದಾಗಿ ಕೈಯಿಂದ ತೆಗೆದೆ, ಒಂದು ಬದಿಗೆ ಎರಡು ರಾತ್ರಿ.

ಈಗ ಮುಖ್ಯ ಸಂಗತಿ. ವೇಗ.

ಮಾವನ ಗ್ರಾಮಫೋನಿಗೆ ಕೀ ಕೊಟ್ಟು, ತಟ್ಟೆಯ ಅಂಚಿಗೆ ಕೆಂಪು ದಾರದ ತುಂಡು ಅಂಟಿಸಿ, ಮಗಳ ಕೈಯಲ್ಲಿ ಗಡಿಯಾರ ಕೊಟ್ಟು ಎಣಿಸಿದೆ. ಒಂದು ನಿಮಿಷಕ್ಕೆ 86 ಸುತ್ತು. ಮತ್ತೆ ಎಣಿಸಿದೆ, 86. ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಬಿಚ್ಚಿ ನೋಡಿದರೆ ಬಿರಿ ಹಿಡಿಯುವ ಚರ್ಮದ ತುಂಡು ಸವೆದು ಕಾಗದದಷ್ಟಾಗಿತ್ತು. ವೇಗದ ತಿರುಪು ಜಂಗು ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ. ಹಾಡಿನ ಕೊನೆಗೆ ಸ್ಪ್ರಿಂಗು ಸಡಿಲಾದಾಗ 82, 81ಕ್ಕೆ ಇಳಿಯುತ್ತಿತ್ತು. ಕ್ಯಾಸೆಟ್ಟಿನಲ್ಲಿ ಪ್ರತಿ ಹಾಡೂ ಕೊನೆಗೆ ಬರುವಾಗ ಶ್ರುತಿ ಬಿಟ್ಟ ಹಾಗೆ ಕೇಳುತ್ತಿದ್ದುದು ಅದಕ್ಕೇ. 78ಕ್ಕೆ ಹಾಡಿದ್ದನ್ನು 86ಕ್ಕೆ ಓಡಿಸಿದರೆ ಪೆಟ್ಟಿಗೆಯಲ್ಲಿ ಹತ್ತಿರ ಹತ್ತಿರ ಎರಡು ಮನೆ, ಅಂದರೆ ಬೆರಳಿಂದ ಒತ್ತುವ ಎರಡು ಪಟ್ಟಿಯಷ್ಟು, ಮೇಲೆ ಹೋಗುತ್ತದೆ. ಕಪ್ಪು ನಾಲ್ಕರ (ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜ ಮಾಡಿಕೊಳ್ಳುವ) ಹೆಂಗಸು ಕಪ್ಪು ಐದರಲ್ಲಿ ಹಾಡಿದ ಹಾಗಾಗುತ್ತದೆ, ಅದೂ ಗಂಟಲನ್ನು ಹಿಂಡಿ. ನಮ್ಮವರೆಲ್ಲ ಕೀರಲು ಎಂದದ್ದು ಈ ದನಿಗೆ.

ಬಾವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಹಳೆ ಪ್ಲೇಟಿನಲ್ಲಿ ಎಲ್ಲರ ದನಿನೂ ತೆಳುವೇಯ. ಗಂಗೂಬಾಯಿದೇ ಕೇಳು" ಎಂದ. ಅವನು ಹೇಳಿದ ಉದಾಹರಣೆ ಸುಳ್ಳಲ್ಲ. ಗಂಗೂಬಾಯಿ ಹಾನಗಲ್ಲರು ಮೊದಮೊದಲು ಗಾಂಧಾರಿ ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳಲ್ಲಿ ದನಿ ನಿಜಕ್ಕೂ ಎತ್ತರದ್ದು, ಗಂಟಲಿನ ಕಾಯಿಲೆಗೆ ಚಿಕಿತ್ಸೆಯಾದ ಮೇಲೆಯೇ ಅದು ನಾವು ಬಲ್ಲ ಗಂಭೀರ ದನಿಯಾದದ್ದು. ಆದರೆ ಒಬ್ಬರ ಗಂಟಲಿನ ಕತೆಯನ್ನು ಇನ್ನೊಬ್ಬರ ತಟ್ಟೆಗೆ ಹಚ್ಚಲಾಗದು. ಜ್ಯೋತ್ಸ್ನಾಬಾಯಿಗೆ ಹಿಂದುಸ್ತಾನಿ ಸಂಗೀತದ ಆಗ್ರಾ ಘರಾಣೆಯ ವಿಲಾಯತ್ ಹುಸೇನ್ ಖಾನರ ತಾಲೀಮು ಆಗಿತ್ತು. ಆ ಘರಾಣೆಯ ತುಂಬು ದನಿಯ ಪಾಠ ಆದವರು ಮೂಗಿನಲ್ಲಿ ಹಿಂಡಿ ಹಾಡುತ್ತಾರೆಯೇ ಎಂದು ಕೇಳಿದೆ. ಬಾವ ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಾದ, ಒಪ್ಪಿದ ಹಾಗೆ ಕಾಣಲಿಲ್ಲ.

ನನ್ನ ಟರ್ನ್‌ಟೇಬಲ್ಲಿನಲ್ಲಿ 78 ಇದೆ. ಆದರೂ ಸವೆದ ತಟ್ಟೆಗಳನ್ನು 45ರಲ್ಲಿ ಇಳಿಸಿಕೊಂಡೆ. ನಿಧಾನ ಓಡಿದರೆ ಮುಳ್ಳು ಹಾರುವುದು ಕಡಿಮೆ, ಬಿರುಕು ಬಿಟ್ಟ ತಟ್ಟೆ ಕೂಡ ದಾಟಿಕೊಂಡು ಹೋಗುತ್ತದೆ. ಆಮೇಲೆ ಕಂಪ್ಯೂಟರಿನ ಆಡಾಸಿಟಿ ಸಾಫ್ಟ್‌ವೇರಿನಲ್ಲಿ 1.733 ಪಟ್ಟು ಓಡಿಸಿದರೆ 78. ಟರ್ನ್‌ಟೇಬಲ್ಲಿನ ವೇಗವನ್ನೇ ನಂಬಬೇಡಿ. 77 ಗೆರೆಯ ಸ್ಟ್ರೋಬ್ ಕಾಗದ ಇಟ್ಟು ಮಿಣುಕುವ ದೀಪದಲ್ಲಿ ನೋಡಿ, ವೇಗ ಸರಿಯಿದ್ದರೆ ಗೆರೆ ನಿಂತ ಹಾಗೆ ಕಾಣುತ್ತದೆ, ನಮ್ಮ 50 ಹರ್ಟ್ಸ್ ಕರೆಂಟಿಗೆ ಅದು ಸರಿ. ನಾನು ಒಂದು ವಾರ ಎಲ್‌ಇಡಿ ಬಲ್ಬಿನ ಕೆಳಗೆ ನೋಡಿ ಗೆರೆ ನಿಲ್ಲುತ್ತಲೇ ಇಲ್ಲ ಎಂದು ತಲೆ ಕೆಡಿಸಿಕೊಂಡೆ. ಆ ಬಲ್ಬು ಮಿಣುಕುವುದೇ ಇಲ್ಲ, ಗೆರೆ ಹೇಗೆ ನಿಂತೀತು? ಹಳೆ ಸ್ವಿಚ್ ಬೋರ್ಡಿನ ನಿಯಾನ್ ಇಂಡಿಕೇಟರ್ ಹತ್ತಿರ ಹಿಡಿದ ಕೂಡಲೇ ಗೆರೆಗಳು ಇರುವೆ ಸಾಲು ನಿಂತ ಹಾಗೆ ನಿಂತವು.

ಇಲ್ಲಿಗೆ ಎಷ್ಟೋ ಮಂದಿ ಮುಗಿಯಿತು ಎನ್ನುತ್ತಾರೆ. ನನಗೆ ಇಲ್ಲಿಂದ ಶುರುವಾಯಿತು. ತಟ್ಟೆಯ ಮೇಲೆ 78 ಎಂದಿದ್ದರೂ ಧ್ವನಿಮುದ್ರಣ ಮಾಡುವಾಗ ಎಲ್ಲವೂ ಸರಿಯಾಗಿ 78ರಲ್ಲೇ ಓಡಿರಲಿಲ್ಲ, 76, 80 ಎಲ್ಲ ಇವೆ. ಹಾಗಾದರೆ ಯಾವುದು ಸರಿ ಎಂದು ಹೇಳುವವರು ಯಾರು? ಹಾಡಿನ ಹಿಂದಿರುವ ಪೆಟ್ಟಿಗೆಯೇ ಹೇಳಬೇಕು. ನಾಟ್ಯಗೀತೆ ಎಂದಮೇಲೆ ಹಿಂದೆ ಆರ್ಗನ್ನೋ ಪೆಟ್ಟಿಗೆಯೋ ಇರುತ್ತದೆ. ಹಾಡುವವರು ಶ್ರುತಿಯನ್ನು ಎಲ್ಲಿ ಬೇಕಾದರೂ ಹಿಡಿಯಬಹುದು, ಪೆಟ್ಟಿಗೆಯ ರೀಡು ಮಾತ್ರ ತನ್ನ ಮನೆ ಬಿಟ್ಟು ಕದಲುವುದಿಲ್ಲ. 78ಕ್ಕೆ ಇಟ್ಟಾಗ ಅದರ ಷಡ್ಜ ನನ್ನ ಪೆಟ್ಟಿಗೆಯ ಒಂದು ಮನೆಯ ಮೇಲೆ ಬಂದು ಕೂತರೆ ವೇಗ ಸರಿ. ಎರಡು ಮನೆಗಳ ನಡುವೆ ನೇತಾಡಿದರೆ ವೇಗ ತಪ್ಪಿದೆ.

"ಆ ಪೆಟ್ಟಿಗೆಯೇ ಏರು ಶ್ರುತಿಯದ್ದಾದರೆ ಎಂತ ಮಾಡ್ತೆ?" ಎಂದು ಬಾವ ಕೇಳಿದ. ಒಳ್ಳೆಯ ಪ್ರಶ್ನೆ, ಹಳೆಯ ಪೆಟ್ಟಿಗೆಗಳು ಈಗಿನವಕ್ಕಿಂತ ಚೂರು ಮೇಲೆ ಇರುವುದುಂಟು. ಉತ್ತರ ಹುಡುಕಲು ಎರಡು ತಿಂಗಳು ಹೋಯಿತು. ಒಂದೇ ತಟ್ಟೆಯಿಂದ ತೀರ್ಮಾನ ಮಾಡಬಾರದು. ಉಳಿದುಕೊಂಡ ಎಲ್ಲ ನಾಟ್ಯಗೀತೆಗಳನ್ನೂ 78ಕ್ಕೆ ಇಟ್ಟು ಒಂದೊಂದಾಗಿ ನನ್ನ ಪೆಟ್ಟಿಗೆಗೆ ಹಚ್ಚಿದೆ. ನಾಲ್ಕು ತಟ್ಟೆ, ಎಂಟು ಬದಿ, ಸೀದಾ ಮನೆಯ ಮೇಲೆ ಕೂತವು. ಎರಡು ತಟ್ಟೆ ಮಾತ್ರ ನಡುವೆ ನಿಂತವು. ಪೆಟ್ಟಿಗೆಗಳೇ ಏರಾಗಿದ್ದರೆ ಎಲ್ಲವೂ ಏರಬೇಕಿತ್ತಲ್ಲ? ಹಾಗಾಗಿ ಆ ಎರಡರ ವೇಗವೇ ಬೇರೆ. ಅವುಗಳಲ್ಲಿ ಒಂದು ಜ್ಯೋತ್ಸ್ನಾಬಾಯಿಯದ್ದು. ಷಡ್ಜ ಕಪ್ಪು ನಾಲ್ಕಕ್ಕೂ ಬಿಳಿ ಆರಕ್ಕೂ ಹೆಚ್ಚುಕಡಿಮೆ ನಟ್ಟನಡುವೆ. ಕಪ್ಪು ನಾಲ್ಕಕ್ಕೆ ಕೆಳಗಿಳಿಸಿದರೆ ವೇಗ 75.8, ಬಿಳಿ ಆರಕ್ಕೆ ಮೇಲೇರಿಸಿದರೆ 80.3. ಎರಡರಲ್ಲಿ ಒಂದು.

ಮೇಲಕ್ಕೋ ಕೆಳಕ್ಕೋ ಎಂದು ತೀರ್ಮಾನಿಸಲು ನಾನು ಸ್ವರ ಕೇಳುವುದಿಲ್ಲ. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗ ಕೇಳುತ್ತೇನೆ. ಅಲ್ಲಿ ಏನು ನೋಡಬೇಕು ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ನನ್ನ ಲೆಕ್ಕ 75.8 ಎಂದಿತು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಗ್ರಾಮಫೋನಿನ ಗವರ್ನರಿಗೆ ಹೊಸ ಚರ್ಮ ಹಾಕಿ ಸರಿ ಮಾಡಿದ ಮೇಲೆ ಅದರಲ್ಲೇ ಒಮ್ಮೆ ಕೇಳುವ ಆಸೆ. ಉಕ್ಕಿನ ಮುಳ್ಳು ತಟ್ಟೆಯನ್ನು ತಿನ್ನುತ್ತದೆ, ಒಂದು ಬದಿಗೆ ಒಂದು ಮುಳ್ಳು ಎಂದು ಬಿಸಾಡಬೇಕು. ಹಿಂದೆ ಬಿದಿರಿನದ್ದೂ ಗಿಡದ ಮುಳ್ಳಿನದ್ದೂ ಬಳಸುತ್ತಿದ್ದರು. ಬೆಟ್ಟಕ್ಕೆ ಹೋಗಿ ಕವಳಿ ಮುಳ್ಳು, ಕಾರೆ ಮುಳ್ಳು, ನಿಂಬೆ ಮುಳ್ಳು ಮೂರೂ ತಂದೆ. ನೆರಳಲ್ಲಿ ಹದಿನೈದು ದಿನ ಒಣಗಿಸಿ, ಬುಡವನ್ನು ಸೌಂಡ್ ಬಾಕ್ಸಿನ ತೂತಿಗೆ ಹೊಂದುವಷ್ಟು ಕೆತ್ತಿ, ತುದಿಯನ್ನು ಸಣ್ಣ ಮರಳು ಕಾಗದಕ್ಕೆ ತಿರುವಿದೆ. ನಿಂಬೆ ಮುಳ್ಳು ಅರ್ಧ ಹಾಡಿಗೆ ಮೊಂಡಾಯಿತು. ಕವಳಿ ಮುರಿಯಿತು. ಕಾರೆ ಮುಳ್ಳು ಪೂರ್ತಿ ಮೂರು ನಿಮಿಷ ಹಾಡಿತು, ದನಿ ಚಿಕ್ಕದು, ಆದರೆ ಎಷ್ಟು ಮೆತ್ತಗೆ! ಹತ್ತಿರ ಕೂತು ಕೇಳಿದರೆ ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಇಳಿಸಿಕೊಳ್ಳುವುದಕ್ಕೆ ಆ ದನಿ ಸಾಲದು, ಕೇಳುವುದಕ್ಕೆ ಸಾಕು. ಅತ್ತೆಗೆ ವಾರಕ್ಕೊಮ್ಮೆ ಕಾರೆ ಮುಳ್ಳಿನಲ್ಲೇ ಹಾಕುತ್ತೇನೆ.

ಕಳೆದ ದೀಪಾವಳಿಗೆ ಮನೆ ತುಂಬ ಜನ. ಗೋಪೂಜೆ ಮುಗಿದ ರಾತ್ರಿ ಎಲ್ಲರನ್ನೂ ಜಗುಲಿಯಲ್ಲಿ ಕೂರಿಸಿದೆ. ಅಂಗಡಿಯ ಒಳ್ಳೆಯ ಸ್ಪೀಕರು ಎರಡು ತಂದಿಟ್ಟೆ. "ನಮಗೆ ಮರಾಠಿ ನಾಟಕ ಎಂತಕ್ಕೆ, ರಾತ್ರಿ ಆಟಕ್ಕೆ ಹೋಪ" ಎಂದು ಹುಡುಗರು ಗೊಣಗಿದರು. ಅವರಿಗೆ ಹೇಳಿದೆ, 1842ರ ಸುಮಾರಿಗೆ ನಮ್ಮ ಹೊನ್ನಾವರದ ಹತ್ತಿರದ ಕರ್ಕಿಯ ಮೇಳ ಸಾಂಗ್ಲಿಗೆ ಹೋಗಿ ರಾಜರ ಮುಂದೆ ಆಟ ಆಡಿತು. ಅದನ್ನು ನೋಡಿದ ಮೇಲೆಯೇ ರಾಜರ ಮಾತಿನ ಮೇರೆಗೆ ವಿಷ್ಣುದಾಸ ಭಾವೆ 1843ರಲ್ಲಿ ಮೊದಲ ಮರಾಠಿ ನಾಟಕ ಕಟ್ಟಿದ್ದು. ನಾವು ಕೊಟ್ಟದ್ದು ನೂರು ವರ್ಷ ಬೆಳೆದು ತಟ್ಟೆಯಾಗಿ ಅತ್ತೆಯ ಟ್ರಂಕಿನಲ್ಲಿ ವಾಪಸು ಬಂದಿದೆ, ಕೂತು ಕೇಳಿ ಎಂದೆ. ಕೂತರು.

ಮೊದಲು ಬಾಲಗಂಧರ್ವರ ಒಂದು ಬದಿ ಹಾಕಿದೆ. ಗಂಡಸರೇ ಹೆಣ್ಣಾಗಿ ಹಾಡುತ್ತಿದ್ದ ಕಾಲ, ಒಂದೊಂದು ಪದಕ್ಕೂ ವನ್ಸ್‌ಮೋರು, ನಾಟಕ ಮುಗಿಯುವಾಗ ಬೆಳಗಾಗುತ್ತಿತ್ತು. ಆ ಹಾಡುಗಾರಿಕೆಯ ಸೊಗಸೇ ಬೇರೆ, ಅದನ್ನು ಕಡಿಮೆ ಮಾಡಿ ಹೇಳುವವನಲ್ಲ ನಾನು. ಆಮೇಲೆ ಟಾಕಿ ಬಂತು, 1931ರಿಂದ ಕಂಪನಿಗಳು ಒಂದೊಂದಾಗಿ ಸೋಲತೊಡಗಿದವು. 1933ರಲ್ಲಿ ನಾಟ್ಯಮನ್ವಂತರ ಎಂಬ ಹೊಸ ಸಂಸ್ಥೆ ಮುಂಬಯಿಯಲ್ಲಿ 'ಆಂಧಳ್ಯಾಂಚಿ ಶಾಳಾ' ಆಡಿತು. ನಾರ್ವೆಯ ನಾಟಕದ ಮರಾಠಿ ರೂಪ. ಹೆಣ್ಣಿನ ಪಾತ್ರಕ್ಕೆ ಹೆಣ್ಣು, ರಂಗದ ಮೇಲೆ ನಿಜದ ಮನೆಯಂಥ ಮನೆ, ಹಾಡು ಬೆರಳೆಣಿಕೆ. ಆ ಹಾಡುಗಳಿಗೆ ಧಾಟಿ ಹಾಕಿದವರು ಕೇಶವರಾವ್ ಭೋಳೆ, ಹಾಡಿದ್ದು ಅವರ ಹೆಂಡತಿ, ಹತ್ತೊಂಬತ್ತು ವರ್ಷದ ಜ್ಯೋತ್ಸ್ನಾ. ಆಲಾಪ ತಾನುಗಳನ್ನು ಕಡಿಮೆ ಮಾಡಿ ಮಾತು ಮುಂದೆ ಬರುವ ಹಾಗೆ ಹಾಡುವುದು. ಪಾತ್ರ ಮಾತಾಡುತ್ತ ಆಡುತ್ತ ಹಾಗೇ ಹಾಡಿಗೆ ಬರಬೇಕು, ಹಾಡಿಗೆಂದು ನಾಟಕ ನಿಲ್ಲಬಾರದು.

ನಾನು ಇಷ್ಟು ಹಟ ಹಿಡಿದದ್ದು ಇದಕ್ಕೆ. ತಾನಿನ ಗಾಯಕಿಯಾಗಿದ್ದರೆ ನೂರಕ್ಕೆ ಹತ್ತು ಪಾಲು ವೇಗ ಜಾಸ್ತಿಯಾದರೂ ತಾನು ಇನ್ನೂ ಚುರುಕಾಗಿ ಕೇಳುತ್ತಿತ್ತು, ಜನ ಭೇಷ್ ಎನ್ನುತ್ತಿದ್ದರು. ಇವರದ್ದು ಮಾತಿನ ಹಾಡು. ವೇಗ ಏರಿದ ಕೂಡಲೇ ಮಾತು ಒಂದರ ಮೇಲೊಂದು ಬೀಳುತ್ತದೆ, ಅಕ್ಷರದ ಬಾಲ ತುಂಡಾಗುತ್ತದೆ, ನಿಲ್ಲುವ ಜಾಗ ಹೋಗುತ್ತದೆ. ಮಾವನ ಗ್ರಾಮಫೋನು ಅವರ ಶ್ರುತಿಗಿಂತ ಹೆಚ್ಚಾಗಿ ಅವರು ಸಾಧಿಸಿದ್ದನ್ನೇ ತಿಂದುಹಾಕಿತ್ತು.

1942ರ 'ಕುಲವಧು' ನಾಟಕದ ತಟ್ಟೆ ಕೊನೆಗೆ ಇಟ್ಟುಕೊಂಡಿದ್ದೆ. ಮೋ. ಗ. ರಾಂಗಣೇಕರರ ನಾಟ್ಯನಿಕೇತನದ್ದು, ಸಂಗೀತ ಮಾಸ್ಟರ್ ಕೃಷ್ಣರಾವ್, ಭಾಸ್ಕರಬುವಾ ಬಖಲೆಯವರ ಶಿಷ್ಯರು. ಭಾನುಮತಿಯ ಪಾತ್ರ ಜ್ಯೋತ್ಸ್ನಾಬಾಯಿಯದ್ದು. ಆ ನಾಟಕದಿಂದ ಅವರ ಹೆಸರು ಮನೆಮನೆಗೆ ಹೋಯಿತು, ವರ್ಷಗಟ್ಟಲೆ ಅದೇ ಪಾತ್ರ ಆಡಿದರು. 2001ರಲ್ಲಿ ತೀರಿಕೊಳ್ಳುವವರೆಗೂ ಜನ ಅವರನ್ನು ಆ ಹಾಡುಗಳಿಂದಲೇ ಗುರುತಿಸುತ್ತಿದ್ದರು. ಅತ್ತೆ ಮುಂಬಯಿಯಲ್ಲಿದ್ದಾಗ ಅದನ್ನು ಎರಡು ಸಲ ನೋಡಿದ್ದಳು. ನಮ್ಮಲ್ಲಿ ಅವರ ಗಂಟಲನ್ನು ನಡುವೆ ತಟ್ಟೆ ಇಲ್ಲದೆ ನೇರವಾಗಿ ಕೇಳಿದವಳು ಅವಳೊಬ್ಬಳೇ.

ನಡುವೆ ನಿಂತಿದ್ದ ತಟ್ಟೆ ಅದೇ. ಮೂರು ವೇಗದಲ್ಲಿ ಮೂರು ಫೈಲು ಮಾಡಿದ್ದೆ, 78, 80.3, 75.8. ಯಾವುದು ಯಾವುದೆಂದು ನನಗೂ ತಿಳಿಯದ ಹಾಗೆ ಮಗಳು ಹೆಸರು ಬದಲಿಸಿ ತುಂಬೆ, ಮಲ್ಲಿಗೆ, ಸಂಪಿಗೆ ಎಂದು ಇಟ್ಟಳು. ಬಾವನಿಗೂ ಅತ್ತೆಗೂ ಕೇಳಿಸಿ, ಮಾತಾಡಬೇಡಿ, ಚೀಟಿಯಲ್ಲಿ ಬರೆಯಿರಿ ಎಂದೆ. ಅತ್ತೆಗೆ ಎಂಬತ್ತೆಂಟು, ಕೈ ನಡುಗುತ್ತದೆ, ಮಗಳ ಕಿವಿಯಲ್ಲಿ ಹೇಳಿದಳು.

ತುಂಬೆ ಹಾಕಿದಾಗ ಅತ್ತೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮಲ್ಲಿಗೆಗೆ ತಲೆ ಅಲ್ಲಾಡಿಸಿದಳು, ಬೇಡ ಎಂಬ ಹಾಗೆ. ಸಂಪಿಗೆ ಶುರುವಾಯಿತು. ಆರ್ಗನ್ನಿನ ಷಡ್ಜ ಬಂದ ಕೂಡಲೇ ಅವಳ ಕೈ ನಿಂತಿತು. ಹಾಡಿನ ಎರಡನೇ ಸಾಲಿಗೆ ಬರುವಾಗ ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ, ಬರೇ ತುಟಿ. ಅವಳ ತುಟಿಯೂ ಸ್ಪೀಕರಿನ ಮಾತೂ ಒಟ್ಟೊಟ್ಟಿಗೆ ಹೋಗುತ್ತಿದ್ದವು, ಒಂದು ಅಕ್ಷರ ಹಿಂದೆ ಮುಂದೆ ಇಲ್ಲ. ಅದನ್ನು ಬಾವನೂ ನೋಡುತ್ತಿದ್ದ.

ಸಂಪಿಗೆ 75.8. ಬಾವನ ಚೀಟಿಯಲ್ಲೂ ಸಂಪಿಗೆಯೇ ಇತ್ತು. ಚೀಟಿ ಓದಿದ ಮೇಲೆ ಅವನು ಎದ್ದು ಒಳಗೆ ಹೋಗಿ ತನ್ನ ಪೆಟ್ಟಿಗೆ ತಂದ, ಕಪ್ಪು ನಾಲ್ಕು ಒತ್ತಿ ಹಿಡಿದು ಮತ್ತೊಮ್ಮೆ ಹಾಕು ಎಂದ. ಹಾಕಿದೆ. ಎರಡು ಸ್ವರ ಒಂದರೊಳಗೊಂದು ಹೋಗಿ ಕೂತವು. ಮೂರು ವರ್ಷದಲ್ಲಿ ಅವನು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು.

"ನಿನ್ನ ಮಾವನ ಮಶೀನು ಇಷ್ಟು ವರ್ಷ ಸುಳ್ಳು ಹಾಡ್ತಿತ್ತು ತಮಾ" ಎಂದಳು ಅತ್ತೆ. ಆಮೇಲೆ ಆ ತಟ್ಟೆಯ ಇನ್ನೊಂದು ಬದಿ ಹಾಕು ಎಂದಳು. ಆ ಬದಿಯನ್ನು ನಾನಿನ್ನೂ ತೊಳೆದಿರಲೇ ಇಲ್ಲ. ತೊಳೆಯದೇ ಇದ್ದರೂ ಅಡ್ಡಿಯಿಲ್ಲ, ಹಾಕು ಎಂದಳು. ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ನೀರಿನ ಕ್ಯಾನು ಬಿಚ್ಚಿದೆ.